ಚಿಟ್ಟೆ ಸುತ್ತು

ಬಿಸ್ಕತ್ತು, ಅದೂ ಕೆನೆ ತುಂಬಿದ್ದು, ತಟ್ಟೆಯ ತುಂಬ ಒತ್ತೊತ್ತಾಗಿ ಜೋಡಿಸಿಟ್ಟದ್ದು — ಈ ವೃದ್ಧರ ಆರೈಕೆ ಮನೆಯವರು ನಮ್ಮಂಥ ಆಯಾಗಳಿಗೆ ಕೆನೆ ಬಿಸ್ಕತ್ತು ಕೊಟ್ಟದ್ದು ಯಾವಾಗ, ನನ್ನ ಕೂದಲು ಕರಿಯಿದ್ದಾಗ ಕೊಡಲಿಲ್ಲ, ಹಣ್ಣಾದ ಮೇಲೂ ಕೊಡಲಿಲ್ಲ, ಇವತ್ತೇ ಯಾಕೆ, ಇಲಿಬೋನಿನಲ್ಲಿ ಇಡುವುದೂ ರುಚಿಯಾದದ್ದನ್ನೇ, ತಗೊಳ್ಳಿ ಅಮ್ಮಾ ಎಂದು ತರಬೇತಿ ಕೊಡಲು ಬಂದ ಹುಡುಗ ತಟ್ಟೆಯನ್ನು ನನ್ನ ಮೂಗಿನ ತನಕ ತಂದ, ಹಲ್ಲಿಗೆ ಆಗಲ್ಲಪ್ಪ ಎಂದೆ, ಹಲ್ಲಿಗೇನೂ ಆಗಿಲ್ಲ, ಪಕ್ಕದ ಕುರ್ಚಿಯಿಂದ ತಂಗಿಯ ಮಗಳು ಕೈ ಚಾಚಿ ಎರಡು ತೆಗೆದಳು, ದೊಡ್ಡಮ್ಮನ ಪಾಲೂ ನಂದೇ ಸರ್ ಎಂದು ನಕ್ಕಳು, ಅಷ್ಟು ನಗು ಎಲ್ಲಿಂದ ಬಂತು ಇವಳಿಗೆ, ಮೊನ್ನೆಯಿಂದ ಮನೆಯಲ್ಲಿ ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದವಳು, ಕೇಳಿದರೆ ತಲೆನೋವು ಎಂದವಳು. ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಒತ್ತರಿಸಿ ಕುರ್ಚಿ ಸಾಲು ಹಾಕಿದ್ದಾರೆ, ಪರದೆ ಎಳೆದಿದ್ದಾರೆ, ಗೋಡೆಯ ಮೇಲೆ ಬೆಳಕಿನ ಚೌಕ, ಅದರೊಳಗೆ ಅಕ್ಷರ — ನಿ, ಯ, ಮ, ನಿಯಮ, ಪಾಲನೆ, ನೈ, ತಿ, ಕ — ರಾತ್ರಿ ಶಾಲೆಯಲ್ಲಿ ಪಳಗಿದ ಕಣ್ಣು, ಕಾಳು ಆರಿಸಿದ ಹಾಗೆ ಒಂದೊಂದೇ ಹೆಕ್ಕುತ್ತದೆ, ಹೆಕ್ಕಿ ಮುಗಿಸುವಷ್ಟರಲ್ಲಿ ಹುಡುಗ ಚೌಕ ಬದಲಾಯಿಸುತ್ತಾನೆ, ಬೇಕೆಂದೇ ಬದಲಾಯಿಸುತ್ತಾನೋ ಏನೋ, ಮೇಟ್ರನ್ ನೋಡು, ಮುಂದೆ ಕೂರಬೇಕಾದವಳು ಹಿಂದಿನ ಸಾಲಿನಲ್ಲಿ, ಮುಖ ನೋಡುವ ಮನಸ್ಸಿದ್ದರೆ ಮುಂದೆ ಕೂರುತ್ತಿದ್ದಳು, ಇವಳಿಗೆ ನಮ್ಮ ಬೆನ್ನು ಬೇಕು, ಬೆನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಇದೆಲ್ಲ ಗಂಟೆ ಅಜ್ಜಿ ಬಿದ್ದದ್ದಕ್ಕೆ, ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೆ, ಇದು ವರ್ಷಕ್ಕೊಮ್ಮೆ ಕಡ್ಡಾಯ ಎಂದ ಹುಡುಗ, ಅಜ್ಜಿಯ ಸೊಂಟ ಮುರಿದ ವಾರಕ್ಕೇ ಸರಿಯಾಗಿ ಆ ವರ್ಷ ತುಂಬಿತಂತೆ, ಎಲಾ ಇವನ — ಪ್ರತಿ ಹಾಸಿಗೆಯ ತಲೆಯ ಬಳಿ ಗೋಡೆಯಿಂದ ಒಂದು ಕೆಂಪು ದಾರ ಇಳಿಬಿದ್ದಿದೆ, ಎಳೆದರೆ ಕಾರಿಡಾರಿನಲ್ಲಿ ಗಂಟೆ, ಬಾಗಿಲ ಮೇಲೆ ದೀಪ, ಉಳಿದವರು ಬೇಕಾದಾಗ ಎಳೆಯುತ್ತಾರೆ, ಗಂಟೆ ಅಜ್ಜಿ ಬೇಡದಾಗಲೂ ಎಳೆಯುತ್ತಾಳೆ, ಕಿಟಕಿ ತೆಗಿ, ಕಿಟಕಿ ಹಾಕು, ನೀರು ಬಿಸಿ, ನೀರು ತಣ್ಣಗೆ, ಏನಿಲ್ಲ ಕಣೇ ಯಾರಾದ್ರೂ ಇದೀರಾ ಅಂತ ನೋಡ್ದೆ, ಅದಕ್ಕೇ ಆ ಹೆಸರು, ಶಾಲೆ ಗಂಟೆನಾದ್ರೂ ಊಟಕ್ಕೆ ಬಿಡತ್ತೆ ಈ ಅಜ್ಜಿ ಬಿಡಲ್ಲ ಅಂದದ್ದು ಯಾರು, ಪಕ್ಕದಲ್ಲಿ ಕೂತ ಇವಳೇ, ತಂಗಿಯ ಮಗಳೇ, ಡಬ್ಬಿಯ ಮುಚ್ಚಳ ತೆಗೆದು ತುತ್ತು ಎತ್ತುವಷ್ಟರಲ್ಲಿ ಗಂಟೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ಇವಳು ಮಾತ್ರ ನಗಲಿಲ್ಲ, ಡಬ್ಬಿ ಮುಚ್ಚಿ ಎದ್ದು ಹೋದಳು, ಅದು ಯಾವತ್ತು, ಅಜ್ಜಿ ಬೀಳುವ ಹಿಂದಿನ ವಾರವಿರಬೇಕು.

ಮೊನ್ನೆ ಮಧ್ಯಾಹ್ನ ಒಣಗಿದ ಹಾಸುಬಟ್ಟೆ ಹೊತ್ತುಕೊಂಡು ನಾನೇ ಮೊದಲು ಆ ಕೋಣೆಗೆ ಹೋದವಳು, ಅಜ್ಜಿ ನೆಲದ ಮೇಲೆ, ಕಾಲು ಕಾಲಿನ ಹಾಗಿರಲಿಲ್ಲ, ಎಳೆಯೋಕೆ ಸಿಗ್ಲಿಲ್ಲ ಕಣೇ, ಬಚ್ಚಲಿಗೆ ಹೋಗ್ಬೇಕಿತ್ತು, ಎಷ್ಟು ಹುಡುಕಿದ್ರೂ ಕೈಗೆ ಸಿಗ್ಲಿಲ್ಲ, ಬಯ್ಯಬೇಡ ಕಣೇ — ಬಯ್ಯಬೇಡ ಎಂದಳು ಮುದುಕಿ, ಬಿದ್ದವಳು ಅವಳು — ತಲೆ ಎತ್ತಿ ನೋಡಿದರೆ ಮೇಲೆ, ಪರದೆಯ ಕೊಕ್ಕೆಯಲ್ಲಿ, ದಾರ. ಸುಮ್ಮನೆ ಎಸೆದ ದಾರವಲ್ಲ, ಸುತ್ತಿದ ದಾರ, ಹೆಬ್ಬೆರಳಿಂದ ಕಿರುಬೆರಳಿಗೆ, ಕಿರುಬೆರಳಿಂದ ಹೆಬ್ಬೆರಳಿಗೆ ಅಡ್ಡಹಾಯಿಸಿ, ನಡುವಿಗೆ ಒಂದು ಬಿಗಿ ಸುತ್ತು, ಎರಡು ಕಡೆ ಎರಡು ರೆಕ್ಕೆ, ಅಮ್ಮ ಅದಕ್ಕೆ ಚಿಟ್ಟೆ ಸುತ್ತು ಎನ್ನುತ್ತಿದ್ದಳು, ನೂಲಿನ ಕಾರ್ಖಾನೆಯಿಂದ ಆಯ್ದು ತಂದ ತುಂಡು ದಾರವನ್ನೆಲ್ಲ ಹಾಗೇ ಸುತ್ತಿಡುವಳು, ಚಿಟ್ಟೆ ಸುತ್ತಿದ ದಾರ ಸಿಕ್ಕಾಗಲ್ಲ ಕಣ್ರೇ, ನಾನೂ ತಂಗಿಯೂ ಹಾಗೇ ಕಲಿತೆವು, ತಂಗಿ ಹೋದ ಮೇಲೆ ಅವಳ ಮಗಳಿಗೆ ನಾನು ಕಲಿಸಿದೆ, ಪುಟ್ಟ ಕೈ, ಜಡೆಯ ಕೆಂಪು ಟೇಪು, ನೋಡು ಮಗಾ ಹಿಂಗೆ, ನೋಡು ದೊಡ್ಡಮ್ಮ ಹಾರತ್ತೆ ಎಂದು ಅದನ್ನು ಮೂಗಿನ ಮುಂದೆ ಆಡಿಸುವಳು — ಮೇಟ್ರನ್ ಓಡಿ ಬಂದು ದಾರವನ್ನು ಸರಕ್ಕನೆ ಎಳೆದಳು, ಚಿಟ್ಟೆ ಹೋಯಿತು, ಬರೀ ದಾರ ಉಳಿಯಿತು, ಅವಳು ಕಂಡದ್ದು ಯಾರೋ ಮೇಲೆ ಸಿಕ್ಕಿಸಿದ ದಾರ, ನಾನು ಕಂಡದ್ದು ನಮ್ಮ ಮನೆಯ ಕೈ. ಇಲ್ಲ, ಹಾಗೆಂದುಬಿಡಬಾರದು, ಲೋಕದಲ್ಲಿ ನಾವೊಬ್ಬರೇ ಏನು ದಾರ ಸುತ್ತುವವರು, ಅಡುಗೆಯವನು ಇರಬಹುದು, ಅವನೂ ಗಂಟೆಗೆ ಬಯ್ಯುತ್ತಿದ್ದ, ಮೇಟ್ರನ್ನೇ ಇರಬಹುದು, ಅಷ್ಟು ಅವಸರವಾಗಿ ಯಾಕೆ ಬಿಚ್ಚಿದಳು, ಕಾಲಿಗೆ ವ್ಯಾಯಾಮ ಮಾಡಿಸುವವನೂ ಆ ಕಡೆ ಸುಳಿದಾಡಿದ್ದ, ನೆರಳಾಡಿದವರನ್ನೆಲ್ಲ ಮೊನ್ನೆಯಿಂದ ಜರಡಿ ಹಿಡಿಯುತ್ತಿದ್ದೇನೆ, ಎಲ್ಲರೂ ಉದುರಿಹೋಗುತ್ತಾರೆ, ಒಬ್ಬಳು ಮಾತ್ರ ಜರಡಿಯಲ್ಲೇ ನಿಲ್ಲುತ್ತಾಳೆ, ಬಿಸ್ಕತ್ತಿನ ಕೆನೆ ನೆಕ್ಕುತ್ತಾ.

ನೆಲ ಒರೆಸುವವಳು ಅಗೋ ಬಾಗಿಲಲ್ಲಿ, ಬಕೆಟ್ಟಿನ ಪಕ್ಕ ನಿಂತಿದ್ದಾಳೆ, ಅವಳಿಗೆ ಕುರ್ಚಿ ಹಾಕಿಲ್ಲ, ಬಿಸ್ಕತ್ತೂ ಹೋಗಿಲ್ಲ, ಆಗಲೇ ತೀರ್ಮಾನವಾಗಿದೆ ಎಂದಾಯಿತು, ಒರೆಸುವಾಗ ನೀರು ತಾಗದಿರಲಿ ಅಂತ ದಾರ ಎತ್ತಿ ಸಿಕ್ಕಿಸಿದೀಯ, ಇಳಿಸೋದು ಮರ್ತಿದೀಯ ಎಂದಿದ್ದಳು ಬೆಳಿಗ್ಗೆ ಮೇಟ್ರನ್, ಒರೆಸುವವಳು ಹೌದೆನ್ನಲಿಲ್ಲ ಇಲ್ಲವೆನ್ನಲಿಲ್ಲ, ಇರಬಹುದಮ್ಮಾ, ದಿನಾ ಎತ್ತೀನಿ ದಿನಾ ಇಳಿಸ್ತೀನಿ, ಮೊನ್ನೆ ಇಳಿಸಿದ್ನೋ ಇಲ್ವೋ ನಂಗೇ ನೆನಪಿಲ್ಲ ಎಂದು ತನ್ನ ಕೈಯನ್ನು ತಾನೇ ನೋಡಿಕೊಂಡಳು, ತನ್ನ ಕೈಯ ಮೇಲೇ ಅವಳಿಗೆ ಅನುಮಾನ, ನನಗಿಲ್ಲ, ಅವಳು ಸುತ್ತುವವಳೇ ಅಲ್ಲ, ಪೊರಕೆಯ ತುದಿಯಿಂದ ಎತ್ತಿ ಕೊಕ್ಕೆಗೆ ಎಸೆಯುವವಳು, ನಾಳೆಯಿಂದ ಬರಬೇಡ ಎನ್ನುತ್ತಾರಂತೆ, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಯಾರದೋ ಸೊಂಟ ಮುರಿದವಳು ಎಂಬ ಹಣೆಪಟ್ಟಿ ಹೊತ್ತವಳನ್ನು ಇನ್ನೊಂದು ಬಾಗಿಲು ಒಳಗೆ ಬಿಟ್ಟೀತೇ.

ಜೊತೆ ಕೆಲಸದವರು ತಪ್ಪು ಮಾಡಿದ್ದು ಗೊತ್ತಾದ್ರೆ ಏನ್ಮಾಡ್ತೀರಿ, ಹುಡುಗ ಕೇಳುತ್ತಿದ್ದಾನೆ, ಉಪ್ಪು ಜಾಸ್ತಿ ಹಾಕಿದ್ರೂ ಹೇಳ್ಬೇಕಾ ಸಾರ್ ಎಂದ ಅಡುಗೆಯವನು, ನಿಂದು ಹೇಳೋದೇ ಬೇಡ ನಾಲಿಗೆಗೇ ಗೊತ್ತಾಗತ್ತೆ ಎಂದರು ಯಾರೋ, ನಗು, ಆ ನಗುವಿನ ನಡುವೆ ನನ್ನ ಪಕ್ಕದಿಂದ ಕೈ ಮೇಲೆದ್ದಿತು, ಹೇಳ್ಬೇಕು ಸರ್, ಮುಚ್ಚಿಟ್ರೆ ನಾವೂ ಪಾಲುದಾರರೇ, ಚಪ್ಪಾಳೆ ಹೊಡೀರಿ ಇವರಿಗೆ ಎಂದ ಹುಡುಗ, ಎಲ್ಲರೂ ಹೊಡೆದರು, ಅವಳ ಕಿವಿಯ ಹಿಂಭಾಗ ಕೆಂಪಾಗಿದೆ, ಚಿಕ್ಕಂದಿನಲ್ಲಿ ಸುಳ್ಳು ಹೇಳಿದಾಗಲೂ ಅಲ್ಲೇ ಕೆಂಪಾಗುತ್ತಿತ್ತು, ಸೆಖೆಯೂ ಇದೆ ಅನ್ನು, ಪರದೆ ಎಳೆದ ಕೋಣೆ, ಈ ಕೆಲಸಕ್ಕೆ ಅವಳನ್ನು ಕೈಮುಗಿದು ಸೇರಿಸಿದವಳು ನಾನು, ನನ್ನ ಮಗಳಿದ್ದ ಹಾಗೆ ಎಂದಿದ್ದೆ ಮೇಟ್ರನ್ನಿಗೆ, ಇದ್ದ ಹಾಗೇನು, ಮಗಳೇ, ಮುಪ್ಪಿನಲ್ಲಿ ನನ್ನ ತಲೆಯ ಬಳಿಯ ದಾರ ಇವಳ ಕೈಯಲ್ಲೇ — ಅಯ್ಯೋ ಸಾಕು.

ಬೆಳಕಿನ ಚೌಕ ಆರಿತು, ಪರದೆ ಸರಿಯಿತು, ಹುಡುಗ ಚೀಲಕ್ಕೆ ಏನೇನೋ ತುಂಬುತ್ತಾ ಯಾರಾದ್ರೂ ಈ ವೈರ್ ಸ್ವಲ್ಪ ಸುತ್ತಿ ಕೊಡ್ತೀರಾ ಎಂದ, ನಾನ್ ಕೊಡ್ತೀನಿ ಸರ್ ಎಂದು ಇವಳೇ ಎದ್ದಳು, ಬೇಡ ಮಗಾ ಕೂತ್ಕೊ, ಮೊಣಕೈಗೆ ಸುತ್ತು, ಎಲ್ಲರ ಹಾಗೆ ಮೊಣಕೈಗೆ ಸುತ್ತಿಬಿಡು — ಹೆಬ್ಬೆರಳಿಂದ ಕಿರುಬೆರಳಿಗೆ, ಕಿರುಬೆರಳಿಂದ ಹೆಬ್ಬೆರಳಿಗೆ, ಮಾತಾಡುತ್ತಾ ಸುತ್ತುತ್ತಿದ್ದಾಳೆ, ಕೈಗೆ ಕಣ್ಣು ಬೇಕಿಲ್ಲ, ರೆಕ್ಕೆ ದಪ್ಪವಾಗುತ್ತಿದೆ, ನಾನು ಯಾವಾಗ ಎದ್ದು ನಿಂತೆ, ಕುರ್ಚಿ ಕಿರ್ರೆಂದಿತು, ಏನಮ್ಮಾ ಏನಾದ್ರೂ ಹೇಳೋದಿತ್ತಾ ಎಂದಳು ಹಿಂದಿನಿಂದ ಮೇಟ್ರನ್, ಇವಳು ತಲೆ ಎತ್ತಿದಳು, ನನ್ನ ಕಣ್ಣು ನೋಡಿದಳು, ನನ್ನ ಕಣ್ಣು ನೆಟ್ಟಿದ್ದ ತನ್ನ ಕೈ ನೋಡಿದಳು, ಮೆಲ್ಲಗೆ, ತುಂಬ ಮೆಲ್ಲಗೆ, ತುದಿ ಎಳೆದು ಬಿಚ್ಚಿದಳು, ಮೊಣಕೈಗೆ ಸುತ್ತತೊಡಗಿದಳು. ಬಿಚ್ಚದಿದ್ದರೆ ನನ್ನ ಕಣ್ಣನ್ನೇ ಅನುಮಾನಿಸಿ ಕೂತುಬಿಡುತ್ತಿದ್ದೆ, ಯಾಕೆ ಬಿಚ್ಚಿದೆ ಮಗಾ, ಬಾಗಿಲಲ್ಲಿ ಬಕೆಟ್ಟಿನ ಹಿಡಿ ಟಣ್ಣೆಂದಿತು, ಒರೆಸುವವಳು ನಾವೆಲ್ಲ ಏಳಲಿ ಎಂದು ಕಾಯುತ್ತಿದ್ದಾಳೆ, ಅವಳಲ್ಲ ಎಂದಿತು ನನ್ನ ಬಾಯಿ, ದಾರ ಸಿಕ್ಕಿಸಿದ್ದು ಅವಳಲ್ಲ ಮೇಟ್ರನ್, ದೊಡ್ಡಮ್ಮಾ ಎಂದಳು ಇವಳು, ಮತ್ತೆ ಯಾರಮ್ಮಾ ಎಂದಳು ಮೇಟ್ರನ್, ಯಾರಮ್ಮಾ — ಬಿಚ್ಚಿದರೂ ವೈರು ನೆಟ್ಟಗಾಗಿಲ್ಲ, ಮೊಣಕೈಯ ಮೇಲೆ ಉಬ್ಬುತ್ತದೆ, ಬಳುಕುತ್ತದೆ, ಎರಡು ಕಡೆ ಎರಡು ರೆಕ್ಕೆ, ನಡುವೆ ಬಿಗಿ, ಪುಟ್ಟ ಕೈಯಲ್ಲಿ ಕೆಂಪು ಟೇಪು, ನೋಡು ದೊಡ್ಡಮ್ಮ ಹಾರತ್ತೆ, ಕೊಕ್ಕೆಯಲ್ಲಿ ಕೆಂಪು ದಾರ, ಕೈಗೆಟುಕದಷ್ಟು ಮೇಲೆ, ರೆಕ್ಕೆ, ರೆಕ್ಕೆ, ನಡುವೆ ಬಿಗಿ —