ಪೀಚ್ ಗಿಡಕ್ಕೆ ಹೊದಿಸಿದ ಕೌದಿ

ಆ ಬೆಳಗಿನ ಜಾವ ಟೆಕ್ಸಾಸ್‌ನ ಇರ್ವಿಂಗ್‌ನಲ್ಲಿ ಗಾಳಿ ನಿಂತೇ ಹೋಗಿತ್ತು. ಹಿಂದಿನ ದಿನವೆಲ್ಲ ಬೇಲಿಯ ಹಲಗೆಗಳನ್ನು ಬಡಿದು ಬಡಿದು ದಣಿದಿದ್ದ ಬಡಗಣ ಗಾಳಿ ಎಲ್ಲೋ ಹೋಗಿ ಮಲಗಿತ್ತು. ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು, ಬೆರಳಷ್ಟು ಮೋಡವಿಲ್ಲ. ಯುಗಾದಿಯ ಬೇವುಬೆಲ್ಲ ತಿಂದು ಮೂರು ವಾರ ಕಳೆದಿತ್ತು. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಬಂದು ಊಟ ಕೇಳುವ ನೆಂಟನ ಹಾಗೆ ಚಳಿ ಬಂದು ಅಂಗಳದಲ್ಲಿ ಕೂತಿತ್ತು.

ಕಮಲವ್ವ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಹಿತ್ತಲಿಗೆ ಬಂದಳು. ಪೀಚ್ ಗಿಡ ಮುಸುಕು ಹಾಕಿಕೊಂಡ ಹೆಂಗಸಿನಂತೆ ಬೇಲಿಯ ಪಕ್ಕ ನಿಂತಿತ್ತು. ಕೆಳಗೆ ನೆಲಕ್ಕೆ ತಾಗುವಂತೆ ಹಾಸಿಗೆಯ ಚಾದರಗಳು, ತಲೆಯ ಮೇಲೆ ಕೌದಿ. ಟಿವಿಯಲ್ಲಿ ಹವಾಮಾನ ಕೇಳಿ, ಸಂಜೆಯೇ ಗಂಡ ಹೆಂಡತಿ ಏಣಿ ಹತ್ತಿ ಇಳಿದು ಹೊದಿಸಿದ್ದರು. ಅವಳು ಚಾದರದ ಒಳಗೆ ಕೈ ತೂರಿಸಿದಳು. ಮಲಗಿದ ಕೂಸಿನ ಮಗ್ಗುಲಿನ ಹಾಗೆ ಬೆಚ್ಚಗಿತ್ತು. ಅವರೆಕಾಳಿನ ಗಾತ್ರದ ಹೀಚುಗಳು ಬೆರಳಿಗೆ ತಾಗಿದವು, ಮೈತುಂಬ ನವಿರು ಕೂದಲು.

‘ಬದುಕಿದ್ರೇನ್ರವ್ವಾ?’ ಎಂದು ಹೀಚುಗಳನ್ನು ಕೇಳಿದಳು.

ಗಿಡ ಇಂದುಮತಿ ನೆಟ್ಟದ್ದು. ಮನೆಯೂ ಮೊದಲು ಅವರದ್ದೇ. ಮೈಸೂರಿನ ಶ್ರೀಕಂಠಯ್ಯ, ಇಂದುಮತಿ ದಂಪತಿ ಮಗಳಿರುವ ಆಸ್ಟಿನ್‌ಗೆ ಶಿಫ್ಟ್ ಆಗುವಾಗ ಧಾರವಾಡದ ಈರಣ್ಣ, ಕಮಲವ್ವ ಈ ಮನೆ ಕೊಂಡಿದ್ದರು. ಕೀಲಿಕೈ ಕೊಡುವ ದಿನ ಇಂದುಮತಿ ಹಿತ್ತಲಿಗೆ ಕರೆದುಕೊಂಡು ಹೋಗಿ, ‘ಮನೆ ನಿಮ್ಮದು ರೀ, ಗಿಡದ ಮೊದಲ ಹಣ್ಣು ಮಾತ್ರ ನಂದು’ ಎಂದು ನಕ್ಕಿದ್ದಳು. ಅಲ್ಲಿಂದ ಪ್ರತಿ ವರ್ಷ ಮೊದಲ ಬುಟ್ಟಿ ಹಣ್ಣು ಆಸ್ಟಿನ್‌ಗೆ ಹೋಗುತ್ತಿತ್ತು. ಹೋದ ವರ್ಷವೂ ಹೋಯಿತು. ಆಸ್ಪತ್ರೆಯ ಮಂಚದ ಮೇಲೆ ಇಂದುಮತಿ ಒಂದು ಹೋಳನ್ನು ಚೀಪಿ, ‘ಸಾಕು’ ಎಂದಳು. ಆಮೇಲೆ ಅವಳು ಏನನ್ನೂ ತಿನ್ನಲಿಲ್ಲ.

ಈ ಜೂನ್‌ನಲ್ಲಿ ಅವಳ ವರ್ಷಾಬ್ದಿಕ. ಪೀಚ್ ಹಣ್ಣು ಶ್ರಾದ್ಧದ ಎಲೆಗೆ ಬರುತ್ತದೆಯೇ ಎಂದು ಶ್ರೀಕಂಠಯ್ಯ ಪುರೋಹಿತರನ್ನು ಕೇಳಿದ್ದರಂತೆ. ಪುರೋಹಿತರು ತುಸು ಯೋಚಿಸಿ, ‘ಶಾಸ್ತ್ರ ಬರೆದವರು ಟೆಕ್ಸಾಸ್ ನೋಡಿರಲಿಲ್ಲ ಸ್ವಾಮಿ. ಹೋದವರಿಗೆ ಇಷ್ಟವಾದದ್ದು ಬಡಿಸಿ’ ಎಂದರಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಶ್ರೀಕಂಠಯ್ಯನವರ ದನಿಯಲ್ಲಿ ವರ್ಷದಲ್ಲಿ ಮೊದಲ ಸಲ ನಗು ಕೇಳಿತ್ತು. ‘ತರ್ತೀನ್ರಿ ಅಣ್ಣಾರ, ಅಕ್ಕನ ಗಿಡದ್ದ ತರ್ತೀನಿ’ ಎಂದು ಕಮಲವ್ವ ಮಾತು ಕೊಟ್ಟಿದ್ದಳು.

ಗಿಡದ ತಲೆಯ ಮೇಲಿದ್ದ ಕೌದಿಯೂ ಇಂದುಮತಿಯದೇ. ಕಾಯಿಲೆ ಹೆಚ್ಚಾದಾಗ ತನ್ನ ಹಳೆಯ ಹತ್ತಿ ಸೀರೆಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟು, ‘ನಿಮ್ಮ ಕಡೆ ತುಂಡು ಸೇರಿಸಿ ಹೊದಿಕೆ ಹೊಲೀತೀರಲ್ಲ, ಒಂದು ಹೊಲಿದು ಇವರಿಗೆ ಕೊಡಿ. ಇವರಿಗೆ ಚಳಿ ಜಾಸ್ತಿ, ಬಾಯಿಬಿಟ್ಟು ಹೇಳಲ್ಲ’ ಎಂದಿದ್ದಳು. ಅವಳು ಹೋದ ಮೇಲೂ ಕಮಲವ್ವ ಹೊಲಿಯುತ್ತ ಹೊಲಿಯುತ್ತ ಮನಸ್ಸಿನಲ್ಲೇ ಅವಳೊಡನೆ ಮಾತಾಡುತ್ತಿದ್ದಳು. ಮುಗಿದರೆ ಮಾತೂ ಮುಗಿಯುತ್ತದೆ ಎಂದು ಕೊನೆಯ ಮೂಲೆಯನ್ನು ಹಾಗೇ ಬಿಟ್ಟಿದ್ದಳು.

ಮೂಡಲು ಬೆಳ್ಳಗಾಗುತ್ತಿತ್ತು. ಊರಲ್ಲಿ ಅವ್ವ ಮಲ್ಲವ್ವ ಆಡಿನ ಕಾಟಕ್ಕೆಂದು ರಾತ್ರಿ ಸಸಿಗಳ ಮೇಲೆ ಬುಟ್ಟಿ ಕವುಚುತ್ತಿದ್ದಳು. ಹೊತ್ತು ಹುಟ್ಟುವ ಮೊದಲೇ ತೆಗೆಯುತ್ತಿದ್ದಳು. ‘ಹೊದ್ದ ಮಾರಿಲೆ ಸೂರ್ಯಪ್ಪನ್ನ ಎದುರುಗೊಳ್ಳಬಾರ್ದು. ಮನಿಶಾ ಆಗಲಿ, ಗಿಡ ಆಗಲಿ’ ಎನ್ನುತ್ತಿದ್ದಳು. ಆ ಮಾತು ಕಮಲವ್ವನ ಕೈಯಲ್ಲೇ ಇತ್ತು, ತಲೆಯವರೆಗೆ ಹೋಗಬೇಕಾಗಿರಲಿಲ್ಲ. ಇರುಳು ಕಳೆಯಿತು, ಗಿಡ ಉಳಿಯಿತು ಎಂದುಕೊಂಡು ಕೌದಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು. ಚಾದರಗಳನ್ನು ಬಿಚ್ಚಿದಳು. ಮೂಡಲಿಗೆ ಕೈ ಮುಗಿದು, ‘ಇನ್ನ ನೀನ ಕಾಯಿ ನಮ್ಮಪ್ಪಾ’ ಎಂದು ಹೇಳಿ ಶಿವಪೂಜೆಗೆ ಒಳಗೆ ಹೋದಳು.

ಪೂಜೆ ಮುಗಿಸಿ ಬರುವಷ್ಟರಲ್ಲಿ ಹುಲ್ಲೆಲ್ಲ ಬೂದಿ ಚೆಲ್ಲಿದಂತೆ ಬೆಳ್ಳಗಾಗಿತ್ತು. ಈರಣ್ಣ ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಕೆರೆಯುತ್ತಿದ್ದವನು ಹಿತ್ತಲಿಗೆ ಬಂದು ಗಿಡ ನೋಡಿ ನಿಂತ.

‘ಏ ಕಮಲಾ, ಯಾಕ ತಗದಿ?’

‘ಬೆಳಕ ಹರೀತಲ್ರಿ.’

‘ಹೊತ್ತು ಹುಟ್ಟೂ ಮುಂದನ ಥಂಡಿ ಹೆಚ್ಚು! ಬಿಸಲು ನೆಲಕ್ಕ ಬೀಳೂತನಾ ಇರಬೇಕಿತ್ತು.’

ಅವಳು ಹೆಗಲ ಮೇಲಿನ ಕೌದಿಯನ್ನು ಮುಟ್ಟಿ ನೋಡಿಕೊಂಡಳು. ಅದರ ಬಿಸಿ ಇನ್ನೂ ಆರಿರಲಿಲ್ಲ.

ಆದರೂ ಹೀಚುಗಳು ಹಸಿರಾಗಿಯೇ ಇದ್ದವು. ಬಿಸಿಲೇರಿದ ಮೇಲೆ ಹೊಳೆದವು ಕೂಡ. ಕಮಲವ್ವ ಫೋಟೋ ತೆಗೆದು ಶ್ರೀಕಂಠಯ್ಯನವರಿಗೆ ಕಳಿಸಿದಳು. ‘ನಮ್ಮ ಇಂದುವಿನ ಗಿಡ ಗಟ್ಟಿ’ ಎಂದು ಅವರು ಬರೆದರು. ಆ ವಾರವೆಲ್ಲ ಅವಳು ಎದ್ದ ಕೂಡಲೇ ಹೋಗಿ ನೋಡುತ್ತಿದ್ದಳು. ಈರಣ್ಣ ಒಂದು ದಿನ ಗಡ್ಡದ ಬ್ಲೇಡಿನಿಂದ ಒಂದು ಹೀಚನ್ನು ಸೀಳಿ ಅಂಗೈಯಲ್ಲಿಟ್ಟು ತೋರಿಸಿದ. ಹೊರಗೆ ಎಳೆ ಹಸಿರು. ಒಳಗೆ, ಬೀಜ ಆಗಬೇಕಾದಲ್ಲಿ, ಕಾಫಿ ಚರಟದ ಬಣ್ಣ.

‘ಎಲ್ಲಾ ಹಿಂಗ ಅದಾವೇನ್ರಿ?’

‘ಬ್ಯಾರೆ ಬ್ಯಾರೆ ಟೊಂಗಿದು ನೋಡಿದೆ.’

ಆಮೇಲೆ ಅವು ಉದುರತೊಡಗಿದವು. ಸದ್ದಿಲ್ಲ, ಸಂಕಟವಿಲ್ಲ. ಬೆಳಿಗ್ಗೆ ನೋಡಿದರೆ ಬುಡದಲ್ಲಿ ಬಿದ್ದಿರುತ್ತಿದ್ದವು. ಕಮಲವ್ವ ಒಂದನ್ನು ಆರಿಸಿ ಒಣಗಿಸಿಟ್ಟಳು.

ಜೂನ್ ಬಂತು. ಆಸ್ಟಿನ್‌ಗೆ ಹೊರಟ ದಿನ ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಪೀಚ್ ರಾಶಿ ಕಂಡಿತು. ಈರಣ್ಣ ಕಾರು ನಿಧಾನ ಮಾಡಿದ.

‘ಒಂದ್ ಬುಟ್ಟಿ ತಗೊಳ್ಳೂಣ. ಗಿಡದ್ದ ಅಂದ್ರ ಯಾರಿಗೆ ಗೊತ್ತಾಗ್ತೈತಿ? ಆ ಮುದುಕಪ್ಪಗರ ಸಮಾಧಾನ.’

‘ತಿನ್ನಾಕಿಗೆ ಗೊತ್ತಾಗ್ತೈತ್ರಿ’ ಎಂದಳು ಕಮಲವ್ವ. ಕಾರು ಮುಂದೆ ಹೋಯಿತು. ಅವಳು ಮಡಿಲಲ್ಲಿ ಕೌದಿ ಹರಡಿಕೊಂಡು ಬಿಟ್ಟಿದ್ದ ಮೂಲೆಯನ್ನು ಹೊಲಿಯಲು ಕೂತಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಕೊನೆಯ ಹೊಲಿಗೆಗೆ ಮೊದಲು ರೊಟ್ಟಿಯ ಚೂರನ್ನೋ ನಾಲ್ಕು ಕಾಳನ್ನೋ ಒಳಗಿಡಬೇಕು. ಅವಳು ಬೆಳಿಗ್ಗೆ ಒಣ ಹೀಚನ್ನು ಕಟ್ಟಿಕೊಂಡಿದ್ದ ಸೆರಗಿನ ಗಂಟು ಬಿಚ್ಚಿದಳು.

ವರ್ಷಾಬ್ದಿಕ ಮುಗಿದು, ಊಟವಾಗಿ, ಬಂದವರು ಹೊರಟರು. ಇಂದುಮತಿಯ ಎಲೆಗೆ ಬಾಳೆಹಣ್ಣು ಬಡಿಸಿದ್ದರು. ಶ್ರೀಕಂಠಯ್ಯ ಸೋಫಾದ ತುದಿಯಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ಕೂತಿದ್ದರು. ಕಮಲವ್ವ ಎದುರಿಗೆ ನೆಲದ ಮೇಲೆ ಕೂತಳು.

‘ಅಣ್ಣಾರ, ಹಣ್ಣು ಥಂಡಿಗೆ ಹೋದು ಅಂತ ಫೋನ್‌ನಾಗ ಅಂದೆ. ಅದು ಅರ್ಧಾ ಖರೆ ಅಷ್ಟ್ರಿ. ಹೊದಿಸಿದ್ದನ್ನ ನಾನ ತಗದೆ, ಹೊತ್ತು ಹುಟ್ಟೂಕಿಂತ ಮೊದಲ. ಸೂರ್ಯಪ್ಪನ ಮಾರಿ ನೋಡಲಿ ಅಂತ.’

ಶ್ರೀಕಂಠಯ್ಯ ಕೈ ಒರೆಸಿದ ವಸ್ತ್ರವನ್ನು ಮಡಿಸಿ ಪಕ್ಕಕ್ಕಿಟ್ಟರು.

‘ಕಮಲಮ್ಮಾ, ಆ ಹಿತ್ತಲಲ್ಲಿ ಇವಳು ಮೊದಲು ನೆಟ್ಟಿದ್ದು ಬೇರೆ ಗಿಡ. ಮೊದಲ ಚಳಿಗಾಲಕ್ಕೆ ಇವಳು, ಪಾಪ ನಡುಗುತ್ತೆ ಅಂತ, ಪಾತ್ರೆ ತುಂಬ ಬಿಸಿನೀರು ಹುಯ್ದಳು. ಸತ್ತೇಹೋಯ್ತು. ಯಾರಿಗೂ ಹೇಳಬೇಡಿ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು.’ ಅವರ ತುಟಿ ನಗಲು ಹೋಗಿ ಅದುರಿತು. ‘ನೀವು ನೋಡ್ತಿರೋದು ಎರಡನೇದು.’

ಕಮಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೀಲದಿಂದ ಕೌದಿ ತೆಗೆದಳು. ನೀಲಿ ಚೌಕಡಿ, ಕೆಂಪು ಅಂಚು, ಸವೆದ ಹಸಿರು, ಪ್ರತಿಯೊಂದು ತುಂಡೂ ಅವರ ಕಣ್ಣಿಗೆ ಪರಿಚಿತ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೀಚು ಅಡಗಿದ ಮೂಲೆ ಅವರ ಬೆರಳಿಗೆ ಸಿಗುವಂತೆ ತಿರುಗಿಸಿ, ಮಡಿಲಲ್ಲಿ ಇಟ್ಟಳು.