ಎಣ್ಣೆ ಚಮಚ

"ತಲೆ ಕಡೆ ತಗ್ಗಿಸ್ರೋ, ಇನ್ನೂ ಸ್ವಲ್ಪ. ಹಾಂ, ಈಗ ಓರೆ ಮಾಡಿ," ಎನ್ನುತ್ತಾ ಹಂಬಿಸ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಚರ್ಚಿನೊಳಗೆ ಬಂದ. ಶವಪೆಟ್ಟಿಗೆಯೊಳಗೆ ಅವನ ಅಕ್ಕ ಮಿರೋಫೋರಾಳ ತಲೆ ಒಂದಿಷ್ಟು ಅಲುಗಿತು. ಆಗ ಈ ಸೀಮೆ ಆಳುತ್ತಿದ್ದ ತುರ್ಕರು ಕುದುರೆ ಸಮೇತ ನುಗ್ಗಬಾರದೆಂದು ಹಿಂದಿನವರು ಈ ಬಾಗಿಲನ್ನು ಗಿಡ್ಡ ಮಾಡಿಸಿದರಂತೆ. ಕುದುರೆಗಳಿಗೆ ಅಡ್ಡಿಯಾಯಿತೋ ಇಲ್ಲವೋ, ನಮ್ಮೂರ ಹೆಣಗಳಿಗಂತೂ ಇವತ್ತಿಗೂ ಅಡ್ಡಿಯೇ.

ಹೊರಗಿನಿಂದ ನೋಡಿದರೆ ಈ ಚರ್ಚು ಮೇವಿನ ಕೊಟ್ಟಿಗೆಯಂತೆ ಕಾಣುತ್ತದೆ. ತ್ರೋದೋಸ್ ಬೆಟ್ಟದ ಹಿಮ ನಿಲ್ಲದೆ ಜಾರಲೆಂದು ಗುಮ್ಮಟದ ಮೇಲೊಂದು ಕಡಿದಾದ ಹೆಂಚಿನ ಮಾಡು ಹೊದಿಸಿದ್ದಾರೆ. ಒಳಗೆ ಮಾತ್ರ ಬೆರಳಿಡುವಷ್ಟೂ ಖಾಲಿ ಗೋಡೆಯಿಲ್ಲ. ಗುಮ್ಮಟದಲ್ಲಿ ಕ್ರಿಸ್ತ, ಪೂರ್ವದ ಕಮಾನಿನಲ್ಲಿ ಕೈಯೆತ್ತಿ ನಿಂತ ಮಾತೆ, ಕೆಳಗೆ ಸಾಲಾಗಿ ಸಂತರು. ಎಂಟುನೂರು ವರ್ಷದ ಬಣ್ಣ. ಉತ್ತರದ ಗೋಡೆಯಲ್ಲಿ, ಕೈಗೆಟುಕುವ ಎತ್ತರದಲ್ಲಿ ಸಂತ ಪರಸ್ಕೆವಿ. ಕಣ್ಣುನೋವು ಕಳೆಯುವ ತಾಯಿ ಅವಳು, ಆದರೆ ಅವಳಿಗೇ ಕಣ್ಣಿಲ್ಲ. ಕಣ್ಣಿರಬೇಕಾದಲ್ಲಿ ಎರಡು ಬಿಳಿ ಗುಳಿಗಳು. ಈ ಕಣಿವೆಯ ಚರ್ಚುಗಳಲ್ಲಿ ಎಷ್ಟೋ ಸಂತರ ಗತಿ ಇದೇ. ಯಾರಾದರೂ ಕೇಳಿದರೆ ತುರ್ಕರು ಕಿತ್ತರು ಎನ್ನುತ್ತೇವೆ.

ಮಿರೋಫೋರಾ ಅರವತ್ತು ವರ್ಷ ಈ ಚರ್ಚಿನ ಬೀಗದ ಕೈ ಕಾದವಳು. ಬಂದವರಿಗೆಲ್ಲ ಅದನ್ನೇ ಹೇಳಿದಳು. ಯಾರಾದರೂ ಗೋಡೆಗೆ ಕೈ ಚಾಚಿದರೆ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ಕುರುಡಿ ಮಗಳು ಲೂಲ್ಲಾಳಿಗೂ ಮುಟ್ಟಲು ಬಿಟ್ಟವಳಲ್ಲ. ಒಂದೊಂದು ಚಿತ್ರವನ್ನೂ ಬಾಯಲ್ಲೇ ಹೇಳಿ ತೋರಿಸಿದ್ದಳು.

ಈಗ ಆ ಬೀಗದ ಕೈ ಲೂಲ್ಲಾಳ ಕೋಟಿನ ಜೇಬಿನಲ್ಲಿತ್ತು. ಜೊತೆಗೊಂದು ಚಮಚ. ದೀಪಕ್ಕೆ ಎಣ್ಣೆ ಹಾಕುವ ಹಿತ್ತಾಳೆಯ ಚಮಚ, ತುದಿ ಮುಕ್ಕಾದದ್ದು. ಸಾಯುವ ವಾರ ಅವ್ವ ಎರಡೇ ಮಾತು ಆಡಿದ್ದಳು: ಆ ಚಮಚ ನನ್ನ ಪೆಟ್ಟಿಗೆಯಲ್ಲಿ ಹಾಕು, ನನ್ನನ್ನು ಕ್ಷಮಿಸು. ಯಾವುದಕ್ಕೆ ಎಂದು ಲೂಲ್ಲಾ ಮತ್ತೆ ಮತ್ತೆ ಕೇಳಿದರೂ ಅವಳು ಬಾಯಿಬಿಡಲಿಲ್ಲ.

ಸತ್ತವರ ಹೆಸರೆತ್ತಿದಾಗಲೆಲ್ಲ ದೇವರು ಕ್ಷಮಿಸಲಿ ಎನ್ನುವುದು ನಮ್ಮ ರೂಢಿ. ಮಣ್ಣು ಹಾಕುವ ಮುಂಚೆ ಹೆತ್ತ ಮಕ್ಕಳೂ ಕ್ಷಮಿಸಿದೆ ಎನ್ನಬೇಕು. ಎಲ್ಲರೂ ಅಂದುಬಿಡುತ್ತಾರೆ, ಅದಕ್ಕೇನು ಖರ್ಚೇ? ಲೂಲ್ಲಾ ಮಾತ್ರ ಬೆಳಗಿನಿಂದ ಅದನ್ನು ಅಂದಿರಲಿಲ್ಲ. ಏನನ್ನು ಕ್ಷಮಿಸಬೇಕೆಂದು ತಿಳಿಯದೆ ಹೇಗೆ ಹೇಳುವುದು?

ತುರ್ಕರು ಕೆಡಿಸಿ ಉಳಿಸಿದ್ದನ್ನು ಈ ತಾಯಿ ಕಾಪಾಡಿದಳು ಎಂದು ಪಾದ್ರಿ ಹೊಗಳಿದರು. ಆಮೇಲೆ ಕೊನೆಯ ಮುತ್ತಿಡಲು ಜನ ಮುಂದಕ್ಕೆ ಬಂದರು. ಇರುವ ಹದಿನೈದು ಜನಕ್ಕೇ ಆ ಜಾಗ ಇಕ್ಕಟ್ಟು. ಯಾರದೋ ಮೊಣಕೈ ತಗುಲಿ ಲೂಲ್ಲಾ ವಾಲಿದಳು, ಬೀಳದಿರಲು ಗೋಡೆ ಹಿಡಿದಳು.

ಬೆರಳು ಸಿಕ್ಕಿದ್ದು ಪರಸ್ಕೆವಿಯ ಕಣ್ಣಿನ ಗುಳಿಯೊಳಗೆ. ಕತ್ತಿ ಚುಚ್ಚಿದ ಗುರುತಲ್ಲ ಅದು. ಯಾರೋ ಸಮಾಧಾನವಾಗಿ ಕೆರೆದ ಅರ್ಧಚಂದ್ರದಂಥ ಗೀರುಗಳು. ಹಳೆಯವು ನಯವಾಗಿದ್ದವು. ಎಲ್ಲಕ್ಕಿಂತ ಆಳವಾದ ಗೀರುಗಳ ನಡುವೆ ಮಾತ್ರ ಕೆರೆಯದೆ ಬಿಟ್ಟ, ದಾರದಷ್ಟು ಸಣ್ಣ ಏಣು ಉಳಿದಿತ್ತು. ಲೂಲ್ಲಾ ಜೇಬಿನಿಂದ ಚಮಚ ತೆಗೆದು ಅದರ ತುದಿಯನ್ನು ಅಲ್ಲಿಟ್ಟಳು. ಮುಕ್ಕು ಏಣಿನ ಮೇಲೆ ಸರಿಯಾಗಿ ಕೂತಿತು.

ಪಕ್ಕದಲ್ಲಿ ಹಂಬಿಸ್ ಕೆಮ್ಮಿದ.

"ಮಾವ, ತುರ್ಕರು ಚಮಚ ಹಿಡ್ಕೊಂಡು ಬಂದಿದ್ರಾ?"

ಅವನು ದನಿ ತಗ್ಗಿಸಿ ಹೇಳಿದ: "ನಿಮ್ಮವ್ವ ಒಬ್ಬಳೇ ಅಲ್ಲ ಕಣೇ. ನಮ್ಮವ್ವನೂ ಕೆರೆದಿದ್ಲು, ನನ್ನ ಕಣ್ಣಿಗೆ ಔಷಧಿ ಅಂತ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳು."

"ಆ ಪುಡಿ ನಿಂಗೆ ಕುಡಿಸಿದ್ರಾ, ಕಣ್ಣಿಗೇ ಹಾಕಿದ್ರಾ?"

"ಕುಡಿಸಿದ್ರು."

"ನಂಗೆ?"

ಹಂಬಿಸ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, ಅವಳ ಕಿವಿಯ ಬಳಿ ಬಾಗಿ ಹೇಳಿದ.

*

ಲೂಲ್ಲಾಗೆ ಆಗ ಐದು ವರ್ಷ. ಆ ಬೇಸಿಗೆ ಊರ ಮಕ್ಕಳಿಗೆಲ್ಲ ಕಣ್ಣುಬೇನೆ. ತಾಯಂದಿರು ಒಬ್ಬೊಬ್ಬರಾಗಿ ಚರ್ಚಿಗೆ ಹೋಗಿ ಪರಸ್ಕೆವಿಯ ಕಣ್ಣಿನಿಂದ ಚಿಟಿಕೆ ಗಾರೆ ಕೆರೆದು ತಂದು ನೀರಿಗೆ ಹಾಕಿ ಕುಡಿಸಿದರು. ಮಿರೋಫೋರಾಗೆ ಅಷ್ಟು ಸಾಲದೆನಿಸಿತು. ಗಂಡ ತೀರಿಕೊಂಡಿದ್ದ, ಅವಳಿಗಿದ್ದದ್ದು ಇದೊಂದೇ ಮಗು. ಎಣ್ಣೆ ಚಮಚದಲ್ಲಿ ಆಳಕ್ಕೆ ಕೆರೆದಳು, ಕಪ್ಪು ಬಣ್ಣ ಮುಗಿದು ಬಿಳಿ ಸುಣ್ಣ ಬರುವತನಕ. ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಮಗುವಿನ ತಲೆಯನ್ನು ಮಡಿಲಲ್ಲಿ ಅದುಮಿ ಹಿಡಿದು, ಬಲಗಣ್ಣಿಗೊಂದು ಚಮಚ, ಎಡಗಣ್ಣಿಗೊಂದು ಚಮಚ ಹಾಕಿದಳು. ಒಂಬತ್ತು ದಿನ ಹಾಕಿದಳು. ಮಗು ಚೀರಿದಷ್ಟೂ ಔಷಧಿ ಹತ್ತುತ್ತಿದೆ ಎಂದುಕೊಂಡಳು.

ಬೇರೆ ಮಕ್ಕಳ ಕಣ್ಣು ತಾವಾಗಿಯೇ ವಾಸಿಯಾದವು. ಹತ್ತನೆಯ ದಿನ ಬಸ್ಸು ಹಿಡಿದು ನಿಕೋಸಿಯಾ ಪಟ್ಟಣಕ್ಕೆ ಹೋದರೆ, ಕಣ್ಣೊಳಗೆಲ್ಲ ಗೀರಿ ಹುಣ್ಣಾಗಿದೆ, ಏನು ಹಾಕಿದಿರಿ ಎಂದು ಡಾಕ್ಟರು ಕೇಳಿದರು. ಧೂಳು ಬಿತ್ತು ಅಂದಳು. ಊರಿಗೆ ಬಂದ ವಾರದಲ್ಲೇ ಬೀಗದ ಕೈ ತನಗೆ ಕೊಡಿ ಎಂದು ಹಿಂದಿನ ಪಾದ್ರಿಯನ್ನು ಬೇಡಿಕೊಂಡಳು.

*

ಗುಂಡಿಯ ಪಕ್ಕದಲ್ಲಿ ಪೆಟ್ಟಿಗೆ ತೆರೆದೇ ಇತ್ತು. ಪಾದ್ರಿ ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿ, ಶಿಲುಬೆಯಾಕಾರದಲ್ಲಿ ಎಣ್ಣೆ ಸುರಿದರು. ಊರವರು ದೇವರು ಕ್ಷಮಿಸಲಿ ಎಂದರು. ಪೆಟ್ಟಿಗೆಯ ಮುಚ್ಚಳ ಹಿಡಿದ ಇಬ್ಬರು ಲೂಲ್ಲಾಳಿಗಾಗಿ ಕಾದರು.

"ಹೇಳಿಬಿಡು ಮಗಳೇ," ಎಂದ ಹಂಬಿಸ್. "ಅವಳು ನಿನಗೆ ಕೆಟ್ಟದಾಗಲಿ ಅಂತ ಮಾಡಲಿಲ್ಲ."

"ಗೊತ್ತು ಮಾವ. ಅದಕ್ಕೇ ಹೇಳಕ್ಕಾಗ್ತಿಲ್ಲ."

ಅವಳು ಮಂಡಿಯೂರಿ ಕುಳಿತು ಬಟ್ಟೆಯ ಮೇಲಿನಿಂದ ಅವ್ವನ ಹಣೆ, ಹುಬ್ಬು ತಡವಿದಳು. ಚಮಚ ತೆಗೆದು, ಗುಂಡಿ ಅಗೆದು ಹಾಕಿದ್ದ ಗುಡ್ಡೆಯಿಂದ ಮಣ್ಣು ತುಂಬಿದಳು. ಹೆಚ್ಚಾದದ್ದನ್ನು ಹೆಬ್ಬೆರಳಿನಿಂದ ಸಮ ಮಾಡಿ, ಬಲಗಣ್ಣಿನ ಮೇಲೆ ಒಂದು ಚಮಚ ಹಾಕಿದಳು, ಎಡಗಣ್ಣಿನ ಮೇಲೆ ಒಂದು.

ಚಮಚ ಪೆಟ್ಟಿಗೆಗೆ ಬೀಳಲಿಲ್ಲ. ಲೂಲ್ಲಾ ಅದನ್ನು ಕೋಟಿಗೆ ಒರೆಸಿ ಜೇಬಿಗೆ ಹಾಕಿಕೊಂಡು ಎದ್ದಳು. ಜೇಬಿನಲ್ಲಿ ಚಮಚ ಬೀಗದ ಕೈಗೆ ತಾಗಿ ಸಣ್ಣಗೆ ಸದ್ದು ಮಾಡಿತು.