ಉಯ್ಯಾಲೆಯ ಪೈಪು

ನನ್ನ ಗಂಡ ಎಲಿಸೆಯೋ ಆಯುಷ್ಯದ ಅರ್ಧವನ್ನು ಬಸ್ಸು ಓಡಿಸುವುದರಲ್ಲೇ ಕಳೆದ. ಪುಂತಾ ಆಲ್ತಾದಿಂದ ಬಾಯಿಯಾ ಬ್ಲಾಂಕಾಕ್ಕೆ, ಬಾಯಿಯಾ ಬ್ಲಾಂಕಾದಿಂದ ಪುಂತಾ ಆಲ್ತಾಕ್ಕೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಬಾನೆಟ್ಟು ಎತ್ತಿ ನೋಡಿದವನಲ್ಲ. ಬಸ್ಸು ಕೆಟ್ಟು ನಿಂತರೆ ಕೆಳಗಿಳಿದು, ಸಿಗರೇಟು ಹಚ್ಚಿ, ಡಿಪೋದವರು ಬರುವ ತನಕ ರಸ್ತೆಬದಿಯ ಹುಲ್ಲಿನ ಮೇಲೆ ಕಾಲು ಚಾಚಿಕೊಂಡಿರುತ್ತಿದ್ದ. ಮನೆಯಲ್ಲಿ ನಲ್ಲಿ ಸೋರಿದರೆ ವಾಷರ್ ಬದಲಿಸುತ್ತಿದ್ದವಳು ನಾನು. ಇಂಥ ಮನುಷ್ಯ ಮುದಿ ವಯಸ್ಸಿನಲ್ಲಿ ಹಳೆಯ ಕಾರೊಂದನ್ನು ರಿಪೇರಿ ಮಾಡುತ್ತೇನೆಂದು ಹೊರಟಾಗ ನಾನು ಬಿದ್ದು ಬಿದ್ದು ನಗಬೇಕಿತ್ತು. ನಗಲಿಲ್ಲ. ಆ ಕಾರು ನಮ್ಮ ಮಗನದು.

ರಮೀರೋ ಅದನ್ನು ಯಾರದೋ ಹೊಲದಿಂದ ಎಳೆದು ತಂದಿದ್ದ. ಉದ್ದ ಬೆನ್ನಿನ ರ‍್ಯಾಂಬ್ಲರ್ ವ್ಯಾಗನ್. ನಮ್ಮ ಕಡೆ ಅಂಥ ಗಾಡಿಗೆ ರುರಾಲ್ ಎನ್ನುತ್ತೇವೆ. ಅದರ ಹಿಂಭಾಗದಲ್ಲಿ ಒಂದು ಸಂಸಾರವನ್ನೇ ತುಂಬಬಹುದು. ಸದ್ಯಕ್ಕೆ ಅಲ್ಲಿ ಕೋಳಿಗಳ ಸಂಸಾರ ನಡೆದಿತ್ತು. ಸಮುದ್ರದ ಉಪ್ಪುಗಾಳಿ ಉಳಿದದ್ದನ್ನು ತಿಂದು ಹಾಕಿತ್ತು.

"ಇದೇನೋ ಇದು, ಸ್ಮಶಾನದಿಂದ ಎಬ್ಬಿಸ್ಕೊಂಡು ಬಂದಿದೀಯ?" ಎಂದೆ.

"ನೋಡ್ತಿರಮ್ಮ. ಇದರಲ್ಲೇ ನಿನ್ನ ಪೆಹುಎನ್ ಕೋ ಬೀಚಿಗೆ ಕರ್ಕೊಂಡು ಹೋಗ್ತೀನಿ. ಸಮುದ್ರದ ಕಡೆ ಬೆನ್ನು ಮಾಡಿ ನಿಲ್ಲಿಸ್ತೀನಿ. ಹಿಂದಿನ ಬಾಗಿಲು ತೆಗೆದು, ಕಾಲು ಇಳಿಬಿಟ್ಕೊಂಡು, ನೀನು ರಾಣಿ ಥರ ಮಾಟೆ ಕುಡೀಬಹುದು."

"ಕೋಳಿ ಹೇಲಿನ ವಾಸನೆ ಹೋಗೋವರೆಗೂ ಈ ರಾಣಿ ಹತ್ತಲ್ಲ."

ಗಾಡಿಯನ್ನು ಹಿತ್ತಲ ಶೆಡ್ಡಿನೊಳಗೆ ತಳ್ಳಿ, ಚಕ್ರ ಬಿಚ್ಚಿ, ಮುಂದೆರಡು ಹಿಂದೆರಡು ಕಬ್ಬಿಣದ ಆಸರೆಗಾಲುಗಳ, ಅಂದರೆ ಕುದುರೆಗಳ, ಮೇಲೆ ನಿಲ್ಲಿಸಿದ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಹೊಸ್ತಿಲಿನಂಥ ತಗಡಿನ ಪೆಟ್ಟಿಗೆ ಎರಡೂ ಬದಿಯಲ್ಲಿ ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಅದನ್ನೆಲ್ಲ ಕತ್ತರಿಸಿ ತೆಗೆದ. ಅದಕ್ಕೂ ಮೊದಲು ಒಂದು ಕೆಲಸ ಮಾಡಿದ. ಅವನು ಚಿಕ್ಕವನಿದ್ದಾಗ ಎಲಿಸೆಯೋ ಹಿತ್ತಲಲ್ಲಿ ಹಸಿರು ಬಣ್ಣ ಹೊಡೆದು ನಿಲ್ಲಿಸಿದ್ದ ಉಯ್ಯಾಲೆಯನ್ನು ಬಿಚ್ಚಿ, ಅದರ ಪೈಪುಗಳನ್ನು ಮುಂದಿನ ಎರಡೂ ಬಾಗಿಲುಗಳ ಬಾಯಿಗೆ ಅಡ್ಡಲಾಗಿ, ಈ ಕಂಬದಿಂದ ಆ ಕಂಬಕ್ಕೆ ವೆಲ್ಡಿಂಗ್ ಮಾಡಿದ.

"ಉಯ್ಯಾಲೆ ಯಾಕೋ ಮುರಿದೆ? ನಿನ್ನ ಮಕ್ಕಳಿಗೆ ಬೇಕಾಗ್ತಿರಲಿಲ್ವಾ?"

"ಇರ್ಲಿ ಬಿಡಮ್ಮ, ಈಗ ಅದಕ್ಕೆ ಬೇರೆ ಕೆಲಸ ಇದೆ."

ಏನು ಕೆಲಸ ಎಂದು ನಾನು ಕೇಳಲಿಲ್ಲ. ಎಲಿಸೆಯೋ ಆಗ ಒಳಗೆ ಫುಟ್‌ಬಾಲ್ ನೋಡುತ್ತಿದ್ದ. ಜುಲೈಯ ಚಳಿಗಾಲದ ಒಂದು ಬೆಳಗ್ಗೆ, ಮಂಜು ಕವಿದ ಹೆದ್ದಾರಿಯಲ್ಲಿ, ಕೆಲಸಕ್ಕೆ ಹೊರಟಿದ್ದ ರಮೀರೋಗೆ ಲಾರಿ ಬಡಿಯಿತು. ಅವನ ಕೈಗವಸುಗಳು ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದ್ದವು.

ಆಮೇಲೆ ಎಲಿಸೆಯೋನ ಬಾಯಿಗೆ ಬೀಗ ಬಿತ್ತು. ಇದನ್ನು ಅತಿಶಯಕ್ಕೆ ಹೇಳುತ್ತಿಲ್ಲ. ಹೂಂ, ಉಹೂಂ ಬಿಟ್ಟರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಕೊಟ್ಟರೆ ಹೀರಿ, ವಾಪಸು ಕೊಡುತ್ತಿದ್ದ. ಜಗಳ ತೆಗೆದರೂ ಜಗಳಕ್ಕೆ ಬರುತ್ತಿರಲಿಲ್ಲ. ಮಗನನ್ನು ಕಳೆದುಕೊಂಡವಳು ನಾನೂ ಹೌದು, ಆದರೆ ನನಗೆ ಅಳುವುದಕ್ಕೂ ಒಬ್ಬ ಮನುಷ್ಯ ಸಿಗಲಿಲ್ಲ. ಆ ದಿನಗಳಲ್ಲಿ ನಾನು ಅವನನ್ನು ದ್ವೇಷಿಸಿದೆ. ಗೋಡೆಯ ಜೊತೆ ಸಂಸಾರ ಮಾಡಿ ನೋಡಿ, ಗೊತ್ತಾಗುತ್ತದೆ.

ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆಯಲ್ಲಿಲ್ಲ. ಶೆಡ್ಡಿನಲ್ಲಿ ರಮೀರೋನ ಕೈಗವಸು ಹಾಕಿಕೊಂಡು ಬಂಪರಿನ ತುಕ್ಕು ಉಜ್ಜುತ್ತಿದ್ದ. ನನ್ನನ್ನು ನೋಡಿ, "ದೆಲಿಯಾ, ಮನೇಲಿ ವಿನೆಗರ್ ಇದೆಯಾ?" ಎಂದ. ನಾನು ಅಡುಗೆಮನೆಗೆ ಓಡಿದೆ. ವಿನೆಗರ್ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತು ಅತ್ತೆ.

ಅವನಿಗೆ ಕಾರಿನ ತಲೆಬುಡ ಗೊತ್ತಿರಲಿಲ್ಲ. ಮೊದಲು ಬಣ್ಣ ಹೊಡೆದ, ಆಮೇಲೆ ತುಕ್ಕು ಕೆರೆದ, ಮತ್ತೆ ಬಣ್ಣ ಹೊಡೆದ. ಸೀಟಿನ ಹೊಲಿಗೆ ನನ್ನ ಪಾಲಿಗೆ ಬಂತು. ನನ್ನ ಮೆಷಿನ್ನಿನ ಸೂಜಿಗಳೆಲ್ಲ ಮುರಿದವು. ತಪ್ಪು ಬಿಡಿಭಾಗ ತಂದು ಅಂಗಡಿಯವರ ಜೊತೆ ಜಗಳವಾಡಿ ಬಂದು, ಆ ಜಗಳವನ್ನು ಊಟದ ಹೊತ್ತಿನಲ್ಲಿ ನನಗೆ ಅಭಿನಯಿಸಿ ತೋರಿಸುತ್ತಿದ್ದ. ಅವನು ಮಾತಾಡುತ್ತಿದ್ದ! ನಾನು ಬಯ್ದರೆ ತಿರುಗಿ ಬಯ್ಯುತ್ತಿದ್ದ. ಮಗನ ಗೋರಿಯ ಮೇಲಿನ ಮಣ್ಣು ಕೂರುವ ಮೊದಲೇ ನನಗೆ ಸಂತೋಷವಾಗುತ್ತಿತ್ತು. ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ಗಾಡಿಯ ಕೆಲಸ ನಿಂತುಹೋದರೆ ಇವನೂ ನಿಂತುಹೋಗುತ್ತಾನೆ ಎಂದು ಮಾತ್ರ ನನಗೆ ಚೆನ್ನಾಗಿ ತಿಳಿದಿತ್ತು.

ಎದುರು ಮನೆಯ ಒತೆರೋ ಜೀವನವಿಡೀ ಕಾರುಗಳ ತಗಡು ಕೆಲಸ ಮಾಡಿದವನು. ಹೊಸ ಹೊಸ್ತಿಲುಗಳನ್ನು ಅವನೇ ತಗಡು ಮಡಚಿ ತಯಾರು ಮಾಡಿ, ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದ.

"ಇದನ್ನ ನೀನು ಮುಟ್ಬೇಡ," ಎಂದಿದ್ದ ಎಲಿಸೆಯೋಗೆ. "ನನ್ನ ಕಣ್ಣಿನ ಆಪರೇಷನ್ ಮುಗೀಲಿ. ವೆಲ್ಡಿಂಗ್ ನಾನು ಮಾಡ್ತೀನಿ. ನೀನು ವೆಲ್ಡಿಂಗ್ ಮಾಡಿದ್ರೆ ಕಾಗೆ ಹೇತ ಹಾಗಿರುತ್ತೆ."

"ನಿನ್ನ ಕಣ್ಣಿಗೆ ಕಾಗೆ, ಗುಬ್ಬಿ ಎಲ್ಲ ಒಂದೇ ಅಲ್ವೇನೋ," ಎಂದ ಎಲಿಸೆಯೋ.

ಬೇಸಿಗೆಯ ಕೊನೆಗೆ, ಮಾರ್ಚಿನಲ್ಲಿ, ರಮೀರೋನ ಹುಟ್ಟುಹಬ್ಬ ಭಾನುವಾರ ಬಂತು. ಹಿಂದಿನ ವರ್ಷ ಆ ದಿನ ನಾವಿಬ್ಬರೂ ಕಿಟಕಿ ಮುಚ್ಚಿಕೊಂಡು ಮಲಗಿದ್ದೆವು. ಈ ಸಲ ನಾನು ಅವನಿಗೆ ಇಷ್ಟವಾದ ರವಿಯೋಲಿ ಕಡುಬು ಲಟ್ಟಿಸಲು ಕೂತೆ. ಕೈಯೆಲ್ಲ ಹಿಟ್ಟು. ಶೆಡ್ಡಿನ ಕಡೆಯಿಂದ ಕಬ್ಬಿಣ ಕತ್ತರಿಸುವ ಗ್ರೈಂಡರಿನ ಸದ್ದು, ನಡುವೆ ಎಲಿಸೆಯೋನ ಬೈಗುಳ.

"ಏನಾಯ್ತೋ ಮುದುಕಾ?" ಎಂದು ಕೂಗಿದೆ.

"ಹಾಳು ಚಕ್ರ ಕಚ್ಕೊಳ್ತಾ ಇದೆ ಕಣೇ! ಮುಕ್ಕಾಲು ಕತ್ತರಿಸಿದ ಮೇಲೆ ಪೈಪು ಹಿಡ್ಕೊಂಡ್ಬಿಡುತ್ತೆ. ಏನು ಮಾಲು ಮಾರ್ತಾರೋ ಈ ಅಂಗಡಿಯವ್ರು!"

ಸ್ವಲ್ಪ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತ. ತಲೆ ಬಾಚಿದ್ದ. ಒಗೆದ ಅಂಗಿ ತೊಟ್ಟಿದ್ದ.

"ಬಾರೇ ಮುದುಕಿ. ಥರ್ಮಾಸು ತಗೊಂಡು ಬಾ. ಇವತ್ತು ಅವನ ಗಾಡೀಲಿ ಕೂತ್ಕೊಂಡು ಮಾಟೆ ಕುಡಿಯೋಣ. ನೀನು ಹತ್ತೋದಕ್ಕೆ ಅಡ್ಡ ಆಗುತ್ತೆ ಅಂತ ಆ ಪೈಪುಗಳನ್ನ ತೆಗೆದುಬಿಟ್ಟೆ. ಹುಡುಗ ಯಾಕೆ ಹಾಕಿದ್ನೋ ಏನೋ, ಬಟ್ಟೆ ಒಣಗಿಸೋಕಿರ್ಬೇಕು."

ನಾನು ನಕ್ಕೆ. ದೇವರಾಣೆಗೂ ನಕ್ಕೆ.

ಗಾಡಿ ಕುದುರೆಗಳ ಮೇಲೆ ನಿಂತಿದ್ದರಿಂದ ಹತ್ತಲು ಸ್ಟೂಲು ಇಟ್ಟಿದ್ದ. ಕೈ ಹಿಡಿದು ಹತ್ತಿಸಿ, ಬಾಗಿಲು ಹಾಕಿದ. ಒಳ್ಳೆಯ ಗಾಡಿಯ ಬಾಗಿಲಿನ ಹಾಗೆ ದಪ್ಪಗೆ ಸದ್ದು ಮಾಡಿ ಮುಚ್ಚಿಕೊಂಡಿತು. ಸುತ್ತಿ ಬಂದು ಆ ಕಡೆಯಿಂದ ಸ್ಟಿಯರಿಂಗ್ ಮುಂದೆ ಕೂತ. ಸೀಟಿಗೆ ಹೊಸ ರೆಕ್ಸಿನ್ ವಾಸನೆ ಇತ್ತು. ನಾನು ಬುರುಡೆಗೆ ನೀರು ಬಿಟ್ಟೆ. ಅವನು ಗಾಜಿನಾಚೆ ಶೆಡ್ಡಿನ ಬಾಗಿಲನ್ನೇ ರಸ್ತೆ ನೋಡುವ ಹಾಗೆ ನೋಡುತ್ತಾ, "ಬೇಸಿಗೆ ಮುಗಿಯೋದ್ರೊಳಗೆ ಪೆಹುಎನ್ ಕೋಗೆ ಹೋಗ್ಬಿಡೋಣ," ಎಂದ.

ಟಿಕ್ ಎಂದಿತು. ತಲೆಯ ಮೇಲೆ ಎಲ್ಲೋ. ಮತ್ತೊಮ್ಮೆ ಟಿಕ್. ಆಮೇಲೆ ಹಳೇ ಮಂಚದ ಮೇಲೆ ದಪ್ಪನೆಯವರು ಹೊರಳಿದ ಹಾಗೆ ಒಂದು ದೀರ್ಘ ನರಳಿಕೆ. ನನ್ನ ಕಾಲ ಕೆಳಗಿನ ತಗಡು ಮೆಲ್ಲಗೆ ಇಳಿಯುವುದು ಅಂಗಾಲಿಗೆ ತಿಳಿಯಿತು. ಮುಂದಿನ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ಬಿಸಿನೀರು ನನ್ನ ಮಡಿಲಿಗೆ ಚೆಲ್ಲಿತು.

"ಇಳಿ! ಇಳಿಯೇ!" ಎಂದು ಎಲಿಸೆಯೋ ಅರಚಿದ. ಹಿಡಿ ಎಳೆದೆ, ಭುಜ ಕೊಟ್ಟು ನೂಕಿದೆ. ಬಾಗಿಲು ಮಿಸುಕಲಿಲ್ಲ. ಅವನ ಬಾಗಿಲೂ ಅಷ್ಟೆ. ಎರಡೂ ಚೌಕಟ್ಟಿನಲ್ಲಿ ಕಚ್ಚಿಕೊಂಡಿದ್ದವು. ಕೊನೆಗೆ ಸೀಟುಗಳ ಬೆನ್ನು ಹತ್ತಿ, ಉದ್ದಕ್ಕೂ ಮೊಣಕಾಲ ಮೇಲೆ ತೆವಳಿ, ಹಿಂದಿನ ಬಾಗಿಲಿನಿಂದ ಹೊರಬಿದ್ದೆವು. ನನ್ನ ಲಂಗ ಹರಿದಿತ್ತು. ತೊಡೆ ಉರಿಯುತ್ತಿತ್ತು. ತಿರುಗಿ ನೋಡಿದರೆ ರುರಾಲ್ ನಡುಮುರಿದ ದನದ ಹಾಗೆ ಮಧ್ಯದಲ್ಲಿ ಕುಸಿದು ನಿಂತಿತ್ತು.

ನನ್ನ ಕೂಗು ಕೇಳಿ ಒತೆರೋ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡಿ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಕಿಟಕಿಯಿಂದ ಕೈ ಹಾಕಿ ಕಂಬದ ಮೇಲೆ ಉಳಿದಿದ್ದ ಹಸಿರು ಚೂರನ್ನು ಬೆರಳಿನಿಂದ ಸವರಿದ.

"ಯಾವ ಕತ್ತೆ ಇದನ್ನ ಕತ್ತರಿಸಿದ್ದು?"

ನಾನು ಒತೆರೋಗೆ ಕಣ್ಸನ್ನೆ ಮಾಡಿದೆ. ಸುಳ್ಳು ಹೇಳೋ, ತುಕ್ಕಿನಿಂದ ಆಯಿತು ಅನ್ನೋ, ಹೇಗಿದ್ದರೂ ಆಗುತ್ತಿತ್ತು ಅನ್ನೋ. ಅವನ ಒಂಟಿ ಕಣ್ಣಿಗೆ ನಾನು ಕಾಣಲೇ ಇಲ್ಲ.

"ಇಂಥ ಗಾಡಿಗೆ ಬೇರೆ ಚೌಕಟ್ಟು ಇರಲ್ಲ ಕಣಯ್ಯಾ, ಮೈಯೇ ಅದರ ಎಲುಬು. ಹೊಸ್ತಿಲು ತೆಗೆದ್ಮೇಲೆ ಮಧ್ಯ ಹಿಡ್ಕೊಂಡಿದ್ದೇ ಈ ಪೈಪುಗಳು. ಹುಡುಗ ಸರಿಯಾಗಿ ಮಾಡಿದ್ದ. ಕಸುಬಿನೋರೂ ಇಷ್ಟು ನೀಟಾಗಿ ಹಾಕಲ್ಲ. ಇದನ್ನ ಯಾರಾದ್ರೂ ಕೀಳ್ತಾರೆ ಅಂತ ನನಗೆ ಕನಸಲ್ಲೂ..." ಅಷ್ಟರಲ್ಲಿ ಅವನಿಗೆ ಎಲಿಸೆಯೋನ ಮುಖ ಕಂಡಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸರಿ ಮಾಡೋಕಾಗುತ್ತಾ?" ಎಂದು ನಾನೇ ಕೇಳಿದೆ.

"ಇಲ್ಲ, ದೋನ್ಯಾ ದೆಲಿಯಾ. ಇದು ಮುಗೀತು."

ಎಲಿಸೆಯೋ ಬಗ್ಗಿ ನೆಲದಿಂದ ಒಂದು ಪೈಪು ಎತ್ತಿಕೊಂಡ. ಹಸಿರು ಬಣ್ಣ ಅಲ್ಲಲ್ಲಿ ಉದುರಿತ್ತು. ಪುಟ್ಟ ಕೈಗಳು ಹಿಡಿದು ಹಿಡಿದು ಸವೆದ ಜಾಗವೊಂದು ನುಣ್ಣಗೆ ಹೊಳೆಯುತ್ತಿತ್ತು. ಸನ್ನೆಕೋಲು ತಂದು ಬಾಗಿಲನ್ನು ಮೀಟಿ ತೆಗೆದು, ಪೈಪನ್ನು ಮೊದಲಿದ್ದ ಜಾಗಕ್ಕೆ ಹಿಡಿದ. ಕೂರಲಿಲ್ಲ. ಕಂಬಗಳು ಒಂದರ ಕಡೆಗೊಂದು ವಾಲಿದ್ದವು. ಪೈಪು ಈಗ ಆ ಜಾಗಕ್ಕಿಂತ ಎರಡು ಬೆರಳಿನಷ್ಟು ಉದ್ದವಾಗಿತ್ತು. ಓರೆ ಮಾಡಿ ತುರುಕಿದ. ತಿರುಗಿಸಿ ತುರುಕಿದ. ಅಂಗೈಯಿಂದ ಗುದ್ದಿದ. ನೋಡಲಾಗಲಿಲ್ಲ ನನಗೆ.

"ತುದೀಲಿ ಚೂರು ಕತ್ತರಿಸು ಮುದುಕಾ," ಎಂದೆ. "ಕೂರುತ್ತೆ."

ಅವನು ನನ್ನ ಕಡೆ ತಿರುಗಿದ.

"ಇನ್ನೊಂದ್ಸಲ ಕತ್ತರಿಸ್ಲಾ?"

ಅದೇ ಕೊನೆ. ಆಮೇಲೆ ಅವನು ಮಾತಾಡಿಲ್ಲ. ನಾನು ಬಯ್ದಿದ್ದೇನೆ, ಬೇಡಿದ್ದೇನೆ, ತಟ್ಟೆ ಎತ್ತಿ ಗೋಡೆಗೆ ಬಡಿದಿದ್ದೇನೆ. ಚೂರುಗಳನ್ನು ಆರಿಸಿ ಕಸದ ಬುಟ್ಟಿಗೆ ಹಾಕಿ ಮತ್ತೆ ಬಂದು ಕೂರುತ್ತಾನೆ. ಪೈಪುಗಳು ಅವನ ಮಂಚದ ಕೆಳಗಿವೆ. ಗುಜರಿಯವರು ಬಂದಾಗ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತವಳು ನಾನು, ಯಾಕೆಂದು ಕೇಳಬೇಡಿ.

ರುರಾಲ್ ಇನ್ನೂ ಅಲ್ಲೇ ಇದೆ. ಈಗಲೂ ಸಲೀಸಾಗಿ ತೆರೆಯುವುದು ಅದರ ಹಿಂದಿನ ಬಾಗಿಲೊಂದೇ. ಮಧ್ಯಾಹ್ನ ಥರ್ಮಾಸು ತೆಗೆದುಕೊಂಡು ಹೋಗಿ ಅಲ್ಲಿ ಹತ್ತಿ ಕೂರುತ್ತೇನೆ, ಕಾಲು ಇಳಿಬಿಟ್ಟುಕೊಂಡು. ಬುರುಡೆಗೆ ನೀರು ಬಿಟ್ಟು, ಬಾರೋ ಮುದುಕಾ ಎಂದು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಕರೆಯುತ್ತೇನೆ. ಅವನು ಬರುವುದಿಲ್ಲ. ಒಬ್ಬಳೇ ಕುಡಿಯುತ್ತೇನೆ. ಎದುರಿಗೆ ಶೆಡ್ಡಿನ ಗೋಡೆ ಇದೆ.